ಶರೀಫರ ಪದ ಮತ್ತು ರಾಕ್ ವಾದ್ಯಮೇಳ: ಒಂದು ಮುದ್ರಿಕೆಯ ವಿಮರ್ಶೆ

ವಾದ್ಯಘೋಷದ ಹಾಡುಗಳನ್ನೂ ಮಂದಗತಿಯ ಪ್ರೇಮಗೀತಗಳನ್ನೂ ಒಂದೇ ಮುದ್ರಿಕೆಯಲ್ಲಿ ಬೆರೆಸುವುದು ಪಾಶ್ಚಾತ್ಯ ರಾಕ್ ಮತ್ತು ಹೆವಿ ಮೆಟಲ್ ತಂಡಗಳ ಹಳೆಯ ವಾಡಿಕೆ. ಎರಡನೆಯ ಬಗೆಯದನ್ನು ಅವರು ಬ್ಯಾಲಡ್ ಎನ್ನುತ್ತಾರೆ. ಆ ಪದಕ್ಕೆ ಲಾವಣಿ ಎಂಬ ರೂಢಿಯ ಪರ್ಯಾಯ ಇಲ್ಲಿ ಸಲ್ಲದು. ಕನ್ನಡದ ಲಾವಣಿ ಕಥನಗೀತ. ಮರಾಠಿಯ ಲಾವಣಿಯಾದರೋ ಶೃಂಗಾರದ ನೃತ್ಯಗೀತವೆಂಬುದನ್ನು ನಾಗಪುರದ ಓದುಗರಿಗೆ ವಿವರಿಸಬೇಕಾಗಿಲ್ಲ.

ಕರ್ನಾಟಕದಲ್ಲಿ ಈ ಸಂಗೀತದ ನೆಲೆ ಬೆಂಗಳೂರು. 1998ರಲ್ಲಿ ಅಲ್ಲಿ ಹುಟ್ಟಿದ ಕ್ರಿಪ್ಟೋಸ್ ಎಂಬ ಹೆವಿ ಮೆಟಲ್ ತಂಡ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. ಆದರೆ ಅದು ಹಾಡುವುದು ಇಂಗ್ಲಿಷಿನಲ್ಲಿ. ಅಷ್ಟು ಉಗ್ರವಲ್ಲದಿದ್ದರೂ, ರಾಕ್ ವಾದ್ಯಮೇಳಕ್ಕೆ ಕನ್ನಡವನ್ನು ಕೂಡಿಸಿ ಅಬ್ಬರವನ್ನೂ ಮಾರ್ದವವನ್ನೂ ಒಂದೆಡೆ ಇರಿಸಿದುದು ‘ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ 2008ರ ಮುದ್ರಿಕೆ. ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ದೀಕ್ಷಿತರು ಭರತನಾಟ್ಯವನ್ನು ಅಭ್ಯಾಸಮಾಡಿದವರು. ಅವರ ಹಾಡಿಕೆಯಲ್ಲಿ ಲಯ ಕಂಠಕ್ಕಿಂತ ಮೊದಲು ಕಾಲಿನಲ್ಲಿ ಹುಟ್ಟುವಂತೆ ತೋರುವುದು ಇದರಿಂದಲೇ ಇರಬೇಕು.

ಮುದ್ರಿಕೆಯ ತಿರುಳು ಶಿಶುನಾಳ ಶರೀಫರ (1819–1889) ಎರಡು ಪದಗಳಲ್ಲಿದೆ: ‘ಸೋರುತಿಹುದು ಮನೆಯ ಮಾಳಿಗಿ’ ಮತ್ತು ‘ಗುಡುಗುಡಿಯ ಸೇದಿ ನೋಡೋ’. ನಾಗಾಭರಣರ 1990ರ ಚಲಚ್ಚಿತ್ರ ಮತ್ತು ಸಿ. ಅಶ್ವಥ್ ಅವರ ಕಂಠದಿಂದ ಶರೀಫರು ಕನ್ನಡಿಗರ ಮನೆಮನೆಗೆ ಬಂದಿದ್ದರು. ಆ ಗಾಯನದ ನೆರಳಿನಲ್ಲಿ ನಿಂತು ಬೇರೆ ಹಾದಿ ಹಿಡಿಯುವುದು ಸುಲಭವಲ್ಲ. ಆದರೂ ಇವು ಗಿಟಾರಿಗೂ ಡ್ರಮ್ಮಿಗೂ ಒಗ್ಗಿವೆ. ಕಾರಣ ಪದಗಳ ರಚನೆಯಲ್ಲಿಯೇ ಉಂಟು. ತತ್ತ್ವಪದದಲ್ಲಿ ಒಬ್ಬನು ನುಡಿಯನ್ನು ಹಾಡಿದರೆ ಮೇಳದವರು ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ. ರಾಕ್ ಸಭೆಯಲ್ಲಿ ಆ ಕೆಲಸವನ್ನು ಶ್ರೋತೃಗಳೇ ಮಾಡುತ್ತಾರೆ. ಅರ್ಥದಲ್ಲಿಯೂ ಹಾಗೆಯೇ. ಸೋರುವ ಮಾಳಿಗೆ ಮನೆವಾರ್ತೆಯ ಮಾತು. ಅದು ಸೂಚಿಸುವ ಅಜ್ಞಾನವಾದರೋ ನಿಷ್ಠುರ ಸತ್ಯ. ಮೃದುವೂ ಕಠಿಣವೂ ಒಂದೇ ಪದದಲ್ಲಿ ಅಡಗಿರುವಾಗ ತಂಡವು ಅವನ್ನು ಹೊರಗಿನಿಂದ ಬೆರೆಸಬೇಕಾಗಿಲ್ಲ. ಧಾರವಾಡ ಸೀಮೆಯ ಆಡುನುಡಿಯನ್ನು ತಿದ್ದದೆ ಉಳಿಸಿಕೊಂಡಿರುವುದೂ ಮೆಚ್ಚತಕ್ಕದ್ದು.

ಆಕ್ಷೇಪವಿರುವುದು ಉಳಿದ ಹಾಡುಗಳ ಗುಣದ ಬಗ್ಗೆ ಅಲ್ಲ, ಅವುಗಳ ಭಾಷೆಯ ಹಂಚಿಕೆಯ ಬಗ್ಗೆ. ಮೈಸೂರಿನಿಂದ ಬಂದ ಹುಡುಗಿಯ ವರ್ಣನೆ ಹಿಂದಿಯಲ್ಲಿ (‘ಮೈಸೂರ್ ಸೇ ಆಯೀ’). ದೇವರಲ್ಲಿ ಹೊಸ ಬಾಳನ್ನು ಬೇಡುವ ಯುವಕನ ಮೊರೆಯೂ ಹಿಂದಿಯಲ್ಲಿ (‘ಹೇ ಭಗವಾನ್’). ಪ್ರಣಯದ ಬ್ಯಾಲಡ್ ಇಂಗ್ಲಿಷಿನಲ್ಲಿ (‘ನೋ ಮ್ಯಾನ್ ವಿಲ್ ಎವರ್ ಲವ್ ಯೂ ಲೈಕ್ ಐ ಡೂ’). ಕನ್ನಡಕ್ಕೆ ದಕ್ಕಿದುದು ಹತ್ತೊಂಬತ್ತನೆಯ ಶತಮಾನದ ಸಂತವಾಣಿ ಮಾತ್ರ. ನಾಗಪುರದ ಮನೀಶ್ ನಗರದಂತಹ ಬಡಾವಣೆಯಲ್ಲಿ ಬೆಳೆಯುವ ಕನ್ನಡದ ಮಕ್ಕಳು ಆಟ, ಜಗಳ, ಸ್ನೇಹಗಳನ್ನೆಲ್ಲ ಹಿಂದಿ ಮರಾಠಿಗಳಲ್ಲಿ ನಡೆಸಿ, ಕನ್ನಡವನ್ನು ಅಜ್ಜಿಯೊಡನೆ ಮಾತಿಗೂ ದೇವರ ಮುಂದಿನ ಹಾಡಿಗೂ ಮೀಸಲಿಡುವರಷ್ಟೆ. ಅದು ಪ್ರವಾಸಿ ಕುಟುಂಬದ ಅನಿವಾರ್ಯತೆಯೆಂದು ಸಮಾಧಾನ ತಂದುಕೊಳ್ಳಬಹುದು. ಅದೇ ವಿಭಜನೆ ಬೆಂಗಳೂರಿನ ಕಲಾವಿದನ ಮುದ್ರಿಕೆಯಲ್ಲಿ ಕಂಡರೆ ಏನೆನ್ನುವುದು? ಮಾರುಕಟ್ಟೆ ದೊಡ್ಡದು, ಮುದ್ರಿಕೆಯನ್ನು ಹೊರತಂದವರೂ ಮುಂಬಯಿಯ ವಿಶಾಲ್–ಶೇಖರ್ ಜೋಡಿ ಎಂಬುದು ಕಾರಣವಾದೀತು, ಉತ್ತರವಾಗದು.

ಕನ್ನಡದಲ್ಲಿ ಪ್ರಣಯದ ಮೆಲುಹಾಡು ಈ ಸಂಗೀತಗಾರರಿಗೆ ಅಸಾಧ್ಯವೆಂದೇನೂ ಅಲ್ಲ. 2010ರ ‘ಜಸ್ಟ್ ಮಾತ್ ಮಾತಲ್ಲಿ’ ಚಿತ್ರಕ್ಕೆ ಅವರೇ ಸಂಯೋಜಿಸಿದ ‘ಮುಂಜಾನೆ ಮಂಜಲ್ಲಿ’ ಸರಳವಾದ ಇಂದಿನ ಕನ್ನಡದಲ್ಲಿದೆ, ಗಿಟಾರಿನೊಡನೆ ಹಿತವಾಗಿ ಹೊಂದಿಕೊಂಡಿದೆ. ಆದರೆ ಅದನ್ನು ಬರೆಸಿದುದು ಚಲಚ್ಚಿತ್ರದ ಸನ್ನಿವೇಶ. ತಂಡವು 2013ರಲ್ಲಿ ಹೊರತಂದ ‘ಜಗ್ ಚಂಗಾ’ ಮುದ್ರಿಕೆಗೆ ಕನ್ನಡ ಬೇಕಾದಾಗ ಮತ್ತೆ ಒದಗಿದುದು ಶರೀಫರ ‘ಲೋಕದ ಕಾಳಜಿ’.