ಸಂಜೆಯ ಬಣ್ಣ, ಸ್ಲೈಡರಿನ ಬಣ್ಣ

ಮರವಂತೆಯಲ್ಲಿ ತೆಗೆದ ಸೂರ್ಯಾಸ್ತದ ಚಿತ್ರವನ್ನೂ ಕಾಪುವಿನಲ್ಲಿ ತೆಗೆದದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭವೊಂದು ಬಂಡೆಯ ಮೇಲೆ ನಿಂತಿರದಿದ್ದರೆ ಯಾವುದು ಯಾವ ಊರಿನದು ಎಂದು ಹೇಳಲಾಗದ ಸ್ಥಿತಿ ಈಗ ಬಂದಿದೆ. ಊರು ಹಾಗಿರಲಿ, ತಿಂಗಳೂ ತಿಳಿಯುವುದಿಲ್ಲ. ಅಕ್ಟೋಬರಿನಲ್ಲಿ ಹಿಂಗಾರು ಮಳೆ ತೊಳೆದಿಟ್ಟ ಆಕಾಶ, ಮಾರ್ಚಿನ ಮಬ್ಬು ಕವಿದ ಆಕಾಶ, ಮೇ ಕೊನೆಯಲ್ಲಿ ಮುಂಗಾರಿಗೆ ಮೊದಲು ಪಡುವಣದಲ್ಲಿ ಒಟ್ಟಿಕೊಳ್ಳುವ ಮೋಡ ಎಲ್ಲವೂ ಒಂದೇ ಕೇಸರಿಗೆ, ಒಂದೇ ನೇರಳೆಗೆ ಬಂದು ನಿಂತಿವೆ. ಕರಾವಳಿಯಲ್ಲಿ ಸಂಜೆಯಾದರೆ ಕ್ಯಾಮೆರಾ, ಫೋನು ಹಿಡಿದು ನಿಲ್ಲುವವರು ಹಿಂದೆಂದೂ ಇಷ್ಟು ಜನ ಇರಲಿಲ್ಲ. ಇಷ್ಟು ಕಣ್ಣುಗಳು ಒಂದೇ ಕಡೆ ನೋಡುತ್ತಿರುವಾಗ ಸಂಜೆಗಳ ನಡುವಿನ ವ್ಯತ್ಯಾಸ ಹೆಚ್ಚು ಹೆಚ್ಚು ದಾಖಲಾಗಬೇಕಿತ್ತು. ಆಗುತ್ತಿರುವುದು ಇದಕ್ಕೆ ತದ್ವಿರುದ್ಧ. ಅದು ನನಗೆ ಬೇಸರ ತರುವ ವಿಷಯ.

‘ಎಡಿಟಿಂಗ್ ಅತಿಯಾಯಿತು’ ಎಂಬುದು ಇದಕ್ಕೆ ಎಲ್ಲರೂ ಕೊಡುವ ಸಿದ್ಧ ಉತ್ತರ. ಅದನ್ನು ಒಪ್ಪಲು ನನಗೆ ಕಷ್ಟ. ಕೈ ಆಡಿಸದ ಸೂರ್ಯಾಸ್ತ ಎಂಬುದು ಛಾಯಾಗ್ರಹಣದ ಚರಿತ್ರೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಸಮುದ್ರದ ಚಿತ್ರಗಳನ್ನು ತೆಗೆದ. ಆಗಿನ ಕೊಲೋಡಿಯನ್ ಗಾಜಿನ ಫಲಕ ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿದ್ದರಿಂದ, ನೀರಿಗೆ ಸಾಕಾಗುವಷ್ಟು ಬೆಳಕು ಬಿಟ್ಟರೆ ಆಕಾಶ ಬರೀ ಬಿಳಿಯಾಗಿಬಿಡುತ್ತಿತ್ತು. ಆತ ಮೋಡಕ್ಕೊಂದು, ನೀರಿಗೊಂದು ನೆಗೆಟಿವ್ ಮಾಡಿ ಎರಡನ್ನೂ ದಿಗಂತದ ಗೆರೆಯಲ್ಲಿ ಸೇರಿಸಿ ಪ್ರಿಂಟ್ ಹಾಕಿದ. ಸೆತ್ ಊರಿನ ಕಡಲ ದಂಡೆಯಲ್ಲಿ 1857ರಲ್ಲಿ ತೆಗೆದ ದೊಡ್ಡ ಅಲೆಯ ಚಿತ್ರ ಹಾಗೆ ಹುಟ್ಟಿದ್ದು. ಇವತ್ತು ನೋಡಿದರೂ ಅದು ಸುಳ್ಳು ಅನಿಸುವುದಿಲ್ಲ. ಮೋಡದ ಬೆಳಕಿಗೂ ನೀರಿನ ಹೊಳಪಿಗೂ ಅಲ್ಲಿ ಹೊಂದಿಕೆಯಿದೆ. ಫಿಲಂ ಕಾಲವೇನೂ ಬೇರೆಯಲ್ಲ. 1990ರಲ್ಲಿ ಬಂದ ಫ್ಯೂಜಿ ವೆಲ್ವಿಯಾ ರೋಲು ಬಣ್ಣವನ್ನು ಗಾಢವಾಗಿಸಿ ತೋರಿಸುತ್ತದೆ ಎಂಬ ಕಾರಣಕ್ಕೇ ನಿಸರ್ಗ ಚಿತ್ರಕಾರರು ಅದನ್ನು ಅಪ್ಪಿಕೊಂಡರು.

ಜೇಬಿನಲ್ಲಿರುವ ಫೋನ್ ಅಂತೂ ಕೇಳದೆಯೇ ಎಡಿಟ್ ಮಾಡಿಕೊಡುತ್ತದೆ. 2020ರ ಸೆಪ್ಟೆಂಬರ್ 9ರಂದು ಕಾಳ್ಗಿಚ್ಚಿನ ಹೊಗೆ ಕವಿದು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಆಕಾಶ ಹಗಲಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗಿತು. ಜನ ಫೋನ್ ಎತ್ತಿ ಕ್ಲಿಕ್ಕಿಸಿದರೆ ಚಿತ್ರದಲ್ಲಿ ಬಂದದ್ದು ಬೂದು ಆಕಾಶ. ಇಷ್ಟೊಂದು ಕಿತ್ತಳೆ ಎಲ್ಲಾದರೂ ಇರಲು ಸಾಧ್ಯವೇ ಎಂಬಂತೆ ಆಟೊ ವೈಟ್ ಬ್ಯಾಲೆನ್ಸ್ ಅದನ್ನು ‘ಸರಿಪಡಿಸಿ’ಬಿಟ್ಟಿತ್ತು. ಕಂಡದ್ದನ್ನು ತೋರಿಸಬೇಕಾದರೆ ವೈಟ್ ಬ್ಯಾಲೆನ್ಸನ್ನು ಕೈಯಾರೆ ಕೂರಿಸಬೇಕಾಯಿತು. ಅಂದರೆ ಆ ದಿನ ನಿಜ ಹೇಳಿದ್ದು ಎಡಿಟ್ ಮಾಡಿದ ಚಿತ್ರ. ಹಾಗಾಗಿ ಕೈ ಆಡಿಸಿದ್ದಾರೋ ಇಲ್ಲವೋ ಎಂಬುದನ್ನು ಬಿಟ್ಟು, ಆಡಿಸಿದ ಕೈಗೆ ಆ ಸಂಜೆಯ ಪರಿಚಯ ಇತ್ತೇ ಎಂದು ಕೇಳುವುದು ಮೇಲು.

ಪರಿಚಯ ಎಂದಾಗ ನನ್ನ ಮನಸ್ಸಿನಲ್ಲಿರುವುದು ಆಕಾಶ ಹೇಗೆ ಬಣ್ಣ ಪಡೆಯುತ್ತದೆ ಎಂಬ ತಿಳಿವಳಿಕೆ. ಸೂರ್ಯ ದಿಗಂತಕ್ಕೆ ಇಳಿದಾಗ ಅವನ ಬೆಳಕು, ನೆತ್ತಿಯ ಮೇಲಿದ್ದಾಗ ದಾಟುವುದಕ್ಕಿಂತ ಸುಮಾರು 38 ಪಟ್ಟು ಹೆಚ್ಚು ಗಾಳಿಯನ್ನು ದಾಟಿ ಬರಬೇಕು. ದಾರಿಯಲ್ಲೇ ನೀಲಿ ಚದುರಿಹೋಗಿ ಕೇಸರಿ, ಕೆಂಪು ಉಳಿಯುತ್ತವೆ. ಇಷ್ಟು ಶಾಲೆಯಲ್ಲಿ ಓದಿದ್ದೇ. ಆದರೆ ಗಾಳಿಯಲ್ಲಿ ದೂಳು, ಹೊಗೆ ಹೆಚ್ಚಿದಷ್ಟೂ ಸಂಜೆ ರಂಗೇರುತ್ತದೆ ಎಂಬ ನಂಬಿಕೆ ಬಹಳ ಮಂದಿಯಲ್ಲಿದೆ. ಅದು ತಪ್ಪು. ನೆಲದ ಹತ್ತಿರ ತೇಲುವ ದಪ್ಪ ಕಣಗಳು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮ ಚದುರಿಸಿ ಆಕಾಶವನ್ನು ಮಂಕು ಮಾಡುತ್ತವೆ. ಮಳೆ ಬಿಟ್ಟ ಮರುದಿನದ ಸಂಜೆ ಝಗಮಗಿಸುವುದಕ್ಕೂ, ಬೇಸಿಗೆಯಲ್ಲಿ ಸೂರ್ಯ ನೀರು ಮುಟ್ಟುವ ಮೊದಲೇ ಮಾಸಲು ಕೆಂಪು ಬಿಲ್ಲೆಯಾಗಿ ಮಬ್ಬಿನಲ್ಲಿ ಮರೆಯಾಗುವುದಕ್ಕೂ ಇದೇ ಕಾರಣ. ಎರಡಕ್ಕೂ ಅದರದರ ಚೆಲುವಿದೆ. ಬೇಸಿಗೆಯ ಆ ಮಾಸಲು ಬಿಲ್ಲೆಗೆ ಅಕ್ಟೋಬರಿನ ರಂಗು ಹಚ್ಚಿದಾಗ ಮಾತ್ರ ಎರಡೂ ಕೈತಪ್ಪುತ್ತವೆ.

ಈ ವಿಷಯದಲ್ಲಿ ನಾನು ಬಹಳ ಮೆಚ್ಚುವ ಮನುಷ್ಯ ಛಾಯಾಗ್ರಾಹಕನೇ ಅಲ್ಲ. 1883ರ ಆಗಸ್ಟಿನಲ್ಲಿ ಕ್ರಕಟೋವಾ ಜ್ವಾಲಾಮುಖಿ ಸಿಡಿಯಿತು. ಅದು ಮೇಲಕ್ಕೆ ಚಿಮ್ಮಿಸಿದ ಸೂಕ್ಷ್ಮ ಕಣಗಳು ಭೂಮಿಯನ್ನೆಲ್ಲ ಸುತ್ತಿ, ನವೆಂಬರಿನ ಹೊತ್ತಿಗೆ ಲಂಡನ್ನಿನ ಸಂಜೆಗಳನ್ನೂ ಕೆಂಪಾಗಿಸಿದ್ದವು. ಬಣ್ಣದ ಛಾಯಾಚಿತ್ರ ಇನ್ನೂ ಕೈಗೆಟುಕದ ಕಾಲ ಅದು. ವಿಲಿಯಂ ಆಸ್ಕ್ರಾಫ್ಟ್ ಎಂಬ ಚಿತ್ರಕಾರ ಚೆಲ್ಸಿಯ ಥೇಮ್ಸ್ ದಂಡೆಯಲ್ಲಿ ನಿಂತು ಬಣ್ಣದ ಕಡ್ಡಿಗಳಲ್ಲಿ ಅವಸರವಸರವಾಗಿ ಆಕಾಶವನ್ನು ಗೀಚಿಕೊಂಡ. ಹೀಗೆ 500ಕ್ಕೂ ಹೆಚ್ಚು ಚಿತ್ರಗಳಾದವು. ಒಂದೇ ಸಂಜೆಯನ್ನು ಹೊತ್ತು ಕಳೆದಂತೆ ಒಂದಾದ ಮೇಲೊಂದರಂತೆ ಬಿಡಿಸಿದ್ದೂ ಅದರಲ್ಲಿದೆ. ರಾಯಲ್ ಸೊಸೈಟಿ 1888ರಲ್ಲಿ ಕ್ರಕಟೋವಾ ಕುರಿತು ಹೊರತಂದ ವರದಿಯ ಮೊದಲಿಗೇ ಅವನ ಚಿತ್ರಗಳನ್ನು ಅಚ್ಚು ಹಾಕಿತು. ಬಣ್ಣದ ಕಡ್ಡಿಯಲ್ಲಿ ಗೀಚಿದ್ದು ವಿಜ್ಞಾನಿಗಳಿಗೆ ಸಾಕ್ಷ್ಯವಾಗುವಷ್ಟು ನಿಷ್ಠವಾಗಿತ್ತು. ನಮ್ಮ ಒಂದು ಸೂರ್ಯಾಸ್ತದ ಚಿತ್ರ ಅಷ್ಟು ಸಾಕ್ಷ್ಯ ಹೇಳಬಲ್ಲದೇ? ಹೇಳಬಲ್ಲದು, ಮನಸ್ಸಿಟ್ಟರೆ.

ಒಂದು ಫೈಲನ್ನು ಹತ್ತಿರದಿಂದ ನೋಡಬಹುದು. ಮರವಂತೆಯ ದಂಡೆ, ಅಕ್ಟೋಬರ್ ಕೊನೆ, ಮಧ್ಯಾಹ್ನ ಮಳೆ ಬಂದು ಬಿಟ್ಟಿದೆ. ಸೂರ್ಯ ಮುಳುಗುವ ಹೊತ್ತು, ಎತ್ತರದಲ್ಲಿ ಹಿಂಜಿದ ಹತ್ತಿಯಂಥ ಮೋಡ. ಸೆನ್ಸರ್ ಹಿಡಿದದ್ದನ್ನು ತಿದ್ದದೆ ಇಡುವ ಕ್ಯಾಮೆರಾದ ರಾ ಫೈಲ್ 14 ಬಿಟ್‌ನದು, ಅಂದರೆ ಒಂದೊಂದು ಬಣ್ಣಕ್ಕೂ 16,384 ಮೆಟ್ಟಿಲು. ಅದೇ ಜೆಪೆಗ್ ಆದರೆ 256 ಮೆಟ್ಟಿಲು ಮಾತ್ರ. ಸೂರ್ಯನ ಪಕ್ಕದ ಕೇಸರಿ ಪಟ್ಟಿಯಲ್ಲಿ, 256ರ ಅಳತೆಯಲ್ಲಿ ಹೇಳುವುದಾದರೆ, ಕೆಂಪು 250, ಹಸಿರು 140, ನೀಲಿ 40ರ ಆಸುಪಾಸಿನಲ್ಲಿದೆ ಎನ್ನೋಣ. ಚಿತ್ರ ಸ್ವಲ್ಪ ಕತ್ತಲಾಯಿತೆಂದು ಎಕ್ಸ್‌ಪೋಷರ್ ಏರಿಸಿದರೆ ಕೆಂಪು 255ಕ್ಕೆ ತಲೆ ತಾಗಿಸಿ ನಿಂತುಬಿಡುತ್ತದೆ. ಹಸಿರು ಮಾತ್ರ ಏರುತ್ತಾ ಹೋಗಿ 200 ದಾಟುತ್ತದೆ. ಕೇಸರಿ ಇದ್ದದ್ದು ಹಳದಿಯಾಯಿತು. ಹಳದಿಯಾಯಿತಲ್ಲ ಎಂದು ಸ್ಯಾಚುರೇಷನ್ ಎಳೆದರೆ ನೀಲಿ ಸೊನ್ನೆಗೆ ಇಳಿಯುತ್ತದೆ. ಮೋಡದ ಎಳೆ ಎಳೆಯಲ್ಲಿ ಬೇರೆಬೇರೆಯಾಗಿದ್ದ ಕೇಸರಿಗಳೆಲ್ಲ ಒಂದೇ ಮಚ್ಚೆಯಾಗಿ, ಸೂರ್ಯನ ಸುತ್ತ ಗಟ್ಟಿ ಅಂಚಿನ ಬಳೆ ಮೂಡುತ್ತದೆ. ಜೆಪೆಗ್‌ನಲ್ಲೇ ಇದನ್ನು ಮಾಡಿದರೆ ಆಕಾಶದ ನಯವಾದ ಇಳಿಜಾರು ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ. ನಾವು ದಿನಾ ನೋಡುವ ಚಿತ್ರಗಳಲ್ಲಿ ಬಹುಪಾಲು ಕೆಡುವುದು ಇಲ್ಲೇ. ಬಣ್ಣ ಹೆಚ್ಚಿಸಲು ಹೋಗಿ ಬಣ್ಣಗಳ ಸಂಖ್ಯೆಯನ್ನು ಕಡಿಮೆ ಮಾಡಿರುತ್ತಾರೆ.

ಪರಿಹಾರ ತೆಗೆಯುವಾಗಲೇ ಶುರುವಾಗಬೇಕು. ಬೆಳಕಿನ ಹಂಚಿಕೆ ತೋರಿಸುವ ಒಟ್ಟು ಹಿಸ್ಟೋಗ್ರಾಂ ನಂಬದೆ ಕೆಂಪು ಬಣ್ಣದ ಹಿಸ್ಟೋಗ್ರಾಂ ಬೇರೆಯಾಗಿ ನೋಡಿ, ಅದು ಬಲಗೋಡೆಗೆ ತಾಗದಂತೆ ಎಕ್ಸ್‌ಪೋಷರ್ ಇಳಿಸಬೇಕು. ವೈಟ್ ಬ್ಯಾಲೆನ್ಸ್ ಆಟೊದಲ್ಲಿ ಬೇಡ, ಹಗಲು ಬೆಳಕಿನ 5,200–5,500 ಕೆಲ್ವಿನ್‌ಗೆ ಕಟ್ಟಿಹಾಕಬೇಕು. 7,000ಕ್ಕೆ ಏರಿಸಿದರೆ ಸಂಜೆ ಇನ್ನಷ್ಟು ಬೆಚ್ಚಗಾಗುತ್ತದೆ ಎಂದು ಹೇಳಿಕೊಡುವವರಿದ್ದಾರೆ. ಬೆಚ್ಚಗಾಗುವುದು ನಿಜ, ಆದರೆ ಚಿತ್ರದ ಮೇಲ್ಭಾಗದ ನೀಲಿ ಸಾಯುತ್ತದೆ. ಆ ನೀಲಿ ಸುಮ್ಮನೆ ಬಂದದ್ದಲ್ಲ. ಮುಸ್ಸಂಜೆಯಲ್ಲಿ ನೆತ್ತಿಯ ಕಡೆಯ ಬೆಳಕು ಓಜೋನ್ ಪದರದಲ್ಲಿ ಬಹುದೂರ ಸಾಗುವಾಗ ಅದರ ಕಿತ್ತಳೆ, ಹಳದಿ ಅಂಶವನ್ನು ಓಜೋನ್ ಹೀರಿಕೊಳ್ಳುತ್ತದೆ, ಹಾಗಾಗಿ ಉಳಿಯುವುದು ಅಷ್ಟು ಆಳವಾದ ನೀಲಿ. ಕೆಳಗಿನ ಕೇಸರಿ ಕೇಸರಿಯಾಗಿ ಕಾಣುವುದೂ ಮೇಲೆ ಅದು ಇರುವುದರಿಂದಲೇ. ಎರಡರ ನಡುವೆ ಹೆಸರಿಡಲಾಗದ ಒಂದು ಪಟ್ಟಿ ಬರುತ್ತದೆ, ಹಸಿರೂ ಅಲ್ಲ, ಹಳದಿಯೂ ಅಲ್ಲ. ನನ್ನ ಮಟ್ಟಿಗೆ ಒಳ್ಳೆಯ ಸೂರ್ಯಾಸ್ತದ ಚಿತ್ರದ ಪರೀಕ್ಷೆ ಆ ಪಟ್ಟಿಯಲ್ಲಿ ನಡೆಯುತ್ತದೆ. ಅದು ಉಳಿದಿದ್ದರೆ ಎಡಿಟ್ ಮಾಡಿದವರು ಆಕಾಶವನ್ನು ನೋಡಿದ್ದಾರೆ.

ಆಗುಂಬೆಯ ಚಿತ್ರಗಳಿಗೆ ಬೇರೊಂದು ಕಾಟವಿದೆ. ನವೆಂಬರಿನಿಂದ ಜನವರಿಯವರೆಗೆ ಅಲ್ಲಿನ ಸೂರ್ಯಾಸ್ತದ ಕಟ್ಟೆಯಿಂದ ಘಟ್ಟದ ಸಾಲು ಸಾಲು, ಆಕಾಶ ತಿಳಿಯಾಗಿದ್ದರೆ ಅದರಾಚೆಗೆ ಅರಬ್ಬಿ ಸಮುದ್ರ ಕಾಣುತ್ತದೆ. ಹತ್ತಿರದ ಬೆಟ್ಟ ಕಪ್ಪು, ಅದರ ಹಿಂದಿನದು ಕಡುನೀಲಿ, ಅದರ ಹಿಂದಿನದು ಬೂದುನೀಲಿ, ಕೊನೆಯದು ಇದೆಯೋ ಇಲ್ಲವೋ ಎಂಬಷ್ಟು. ಕಣ್ಣಿಗೆ ದೂರ ಗೊತ್ತಾಗುವುದೇ ಈ ಮಬ್ಬಿನಿಂದ. ಮಬ್ಬು ಅಳಿಸುವ ಡಿಹೇಜ್ ಸ್ಲೈಡರ್ ಎಳೆದ ತಕ್ಷಣ ಕೊನೆಯ ಸಾಲೂ ಮೊದಲಿನ ಸಾಲಿನಷ್ಟೇ ಗಟ್ಟಿಯಾಗಿ, ಮೈಲಿಗಟ್ಟಲೆ ಆಳ ಇದ್ದ ಕಣಿವೆ ರಟ್ಟಿನ ಹಾಳೆಯಷ್ಟು ತೆಳ್ಳಗಾಗುತ್ತದೆ. ಆಗುಂಬೆಗೆ ಹೋಗಿ ಮಬ್ಬು ತೆಗೆಯುವುದೆಂದರೆ ಆಗುಂಬೆಯನ್ನೇ ತೆಗೆದ ಹಾಗೆ.

ನೆರಳು ಎತ್ತುವ ಚಾಳಿಯೂ ಹಾಗೆಯೇ. ಸೂರ್ಯ ದೋಣಿಯ ಹಿಂದಿದ್ದಾನೆ, ದೋಣಿಯ ಈಚೆ ಬದಿ ಮಾತ್ರ ನಡುಹಗಲಿನಂತೆ ಬೆಳಗಿದೆ, ಬಣ್ಣದ ಪಟ್ಟಿಗಳೂ ಬರೆದ ನಂಬರೂ ಸ್ಪಷ್ಟ! ಹಲವು ಎಕ್ಸ್‌ಪೋಷರ್ ಕೂಡಿಸುವ ಎಚ್‌ಡಿಆರ್‌ನಿಂದ ತೆಂಗಿನ ಗರಿಯ ಸುತ್ತ ಬಿಳಿಯ ಪ್ರಭೆ ಬೇರೆ. ನೆರಳನ್ನು ಸ್ವಲ್ಪ ತೆರೆಯುವುದು ತಪ್ಪಲ್ಲ, ಕಣ್ಣು ಕ್ಯಾಮೆರಾಕ್ಕಿಂತ ಹೆಚ್ಚು ಕತ್ತಲನ್ನು ಓದಬಲ್ಲದು. ಆದರೆ ಬೆಳಕು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಚಿತ್ರದಲ್ಲೇ ಉತ್ತರ ಇರಬೇಕು.

ಈ ಪ್ರಶ್ನೆಯ ಮುಂದೆ ನಿಲ್ಲಲಾರದ್ದು ಆಕಾಶವನ್ನೇ ಬದಲಿಸುವ ರೂಢಿ. ಲುಮಿನಾರ್ ಎಂಬ ಸಾಫ್ಟ್‌ವೇರ್ 2019ರಲ್ಲಿ, ಫೋಟೊಶಾಪ್ 2020ರ ಅಕ್ಟೋಬರಿನಲ್ಲಿ ಈ ಸೌಲಭ್ಯ ಕೊಟ್ಟವು. ಒಂದು ಕ್ಲಿಕ್ಕಿಗೆ ಬೇರೆ ಯಾರೋ ಬೇರೆಲ್ಲೋ ಕಂಡ ಮೋಡ ನಮ್ಮ ಮಲ್ಪೆಯ ಮೇಲೆ ಬಂದು ಕೂರುತ್ತದೆ. ಲ ಗ್ರೇ ಮಾಡಿದ್ದೂ ಇದನ್ನೇ ಅಲ್ಲವೇ ಎಂದು ಕೇಳುವವರಿಗೆ ನನ್ನ ಉತ್ತರ: ಅವನ ಮೋಡ ಅವನೇ ನೋಡಿದ್ದು, ಅವನ ಉಪಕರಣ ಹಿಡಿಯಲಾರದ್ದನ್ನು ಹಿಡಿಯಲು ಆ ಜೋಡಣೆ ಬೇಕಾಯಿತು. ಇವತ್ತಿನ ಸೆನ್ಸರ್‌ಗೆ ಆ ಬಡತನ ಇಲ್ಲ. ಅಮೆರಿಕದ ಫೋಟೊಗ್ರಾಫಿಕ್ ಸೊಸೈಟಿಯ ನಿಯಮ ನನಗೆ ಸರಿ ಎನಿಸುತ್ತದೆ. ಸ್ಪರ್ಧೆಯ ಬಣ್ಣದ ವಿಭಾಗದಲ್ಲಿ ಎಷ್ಟು ಬೇಕಾದರೂ ತಿದ್ದಬಹುದು, ಆದರೆ ಚಿತ್ರದ ಪ್ರತಿಯೊಂದು ಭಾಗವೂ ಸ್ಪರ್ಧಿಯೇ ತೆಗೆದದ್ದಾಗಿರಬೇಕು, ಸಾಫ್ಟ್‌ವೇರ್ ಕೊಡುವ ಆಕಾಶಕ್ಕೆ ಪ್ರವೇಶವಿಲ್ಲ. ನಮ್ಮ ಜಿಲ್ಲಾಮಟ್ಟದ ಸ್ಪರ್ಧೆಗಳೂ ಬಹುಮಾನ ಕೊಡುವ ಮುನ್ನ ರಾ ಫೈಲ್ ಕೇಳುವ ಕ್ರಮ ಇಟ್ಟುಕೊಳ್ಳಲಿ.

ಸೂರ್ಯನ ಮೇಲಿನ ಮೋಹವನ್ನೂ ಒಂದಿಷ್ಟು ಬಿಡಬೇಕು. ಅಮೆರಿಕದ ಕಲಾವಿದೆ ಪೆನೆಲೊಪಿ ಅಂಬ್ರಿಕೊ 2006ರಲ್ಲಿ ಫ್ಲಿಕರ್ ತಾಣದಲ್ಲಿ ಸೂರ್ಯಾಸ್ತ ಎಂದು ಹುಡುಕಿದಾಗ 5,41,795 ಚಿತ್ರಗಳು ಸಿಕ್ಕವು. ಅವುಗಳಿಂದ ಸೂರ್ಯನನ್ನಷ್ಟೇ ಕತ್ತರಿಸಿ ತೆಗೆದು, ಪುಟ್ಟ ಪುಟ್ಟ ಪ್ರಿಂಟ್ ಹಾಕಿ ಗೋಡೆ ತುಂಬ ಅಂಟಿಸಿದಳು. ಯಾರ ಸೂರ್ಯ ಯಾರದೆಂದು ಅಲ್ಲಿ ಹೇಳಲು ಬರುವುದಿಲ್ಲ. ಫೋನಿನ 24 ಮಿ.ಮೀ. ನೋಟಕ್ಕೆ ಸೂರ್ಯ ಚಿತ್ರದ ಅಗಲದಲ್ಲಿ ನೂರೈವತ್ತರಲ್ಲೊಂದು ಪಾಲೂ ಇರುವುದಿಲ್ಲ. ಅಷ್ಟು ಸಣ್ಣ ಚುಕ್ಕೆಗಾಗಿ ಉಳಿದ ಆಕಾಶವನ್ನು ಬಲಿ ಕೊಡುತ್ತೇವೆ. ಸೂರ್ಯ ಮುಳುಗಿದ ಕೂಡಲೇ ಜನ ಮರಳು ಕೊಡವಿಕೊಂಡು ಏಳುತ್ತಾರೆ, ಎತ್ತರದ ಮೋಡಕ್ಕೆ ಕೆಳಗಿನಿಂದ ಬೆಳಕು ಹತ್ತುವುದು ಅನಂತರದ ಹತ್ತು ಹದಿನೈದು ನಿಮಿಷದಲ್ಲಿ. ನಮ್ಮ ಅಕ್ಷಾಂಶದಲ್ಲಿ ಸಂಧ್ಯೆಯ ಮೊದಲ ಘಟ್ಟ ಮುಗಿಯಲು ಇಪ್ಪತ್ತೆರಡು ನಿಮಿಷದ ಆಸುಪಾಸು ಸಾಕು, ಉತ್ತರ ಯೂರೋಪಿನ ಬೇಸಿಗೆಯಂತೆ ಮುಕ್ಕಾಲು ಗಂಟೆ ಕಾಯುವ ಸೌಭಾಗ್ಯವಿಲ್ಲ. ಮರವಂತೆಯಲ್ಲಂತೂ ಆ ಹೊತ್ತಿಗೆ ಹೆದ್ದಾರಿ ದಾಟಿ ಬೆನ್ನು ತಿರುಗಿಸಿದರೆ ಸಾಕು. ಆಚೆ ಸೌಪರ್ಣಿಕಾ, ಅದರಾಚೆ ಕೊಡಚಾದ್ರಿಯ ಸಾಲು, ಅದರ ಮೇಲೆ ಭೂಮಿಯ ನೆರಳು ಬೂದುನೀಲಿ ಪಟ್ಟಿಯಾಗಿ ಏಳುತ್ತಿರುತ್ತದೆ, ನೆರಳಿನ ನೆತ್ತಿಗೆ ನಸುಗುಲಾಬಿ ಅಂಚು. ಅದೇ ಗುಲಾಬಿ ನದಿಯಲ್ಲೂ ಇರುತ್ತದೆ. ಈ ಮೂಡಣದ ಸಂಜೆಯನ್ನು ತೆಗೆದವರ ಚಿತ್ರ ನನಗೆ ಕಂಡದ್ದು ಬಹಳ ಕಡಿಮೆ. ಕಂಡವುಗಳಲ್ಲಿ ಹೆಚ್ಚಿನವು ಮರೆಯದಂಥವು. ಸ್ಲೈಡರ್ ಎಳೆದರೆ ಕ್ಷಣದಲ್ಲಿ ಹಾಳಾಗುವ ಬಣ್ಣ ಅದು, ಹಾಗಾಗಿ ತೆಗೆದವರೂ ಮೆಲ್ಲಗೆ ಮುಟ್ಟಿರುತ್ತಾರೆ.

ಕೊನೆಯದಾಗಿ ಪ್ರಿಂಟ್. ಫೋನಿನ ಹೊಳೆಯುವ ಪರದೆ ತೋರಿಸುವ ಕಿತ್ತಳೆ, ನೇರಳೆಗಳಲ್ಲಿ ಎಷ್ಟೋ ಕಾಗದದ ಮೇಲಿನ ಶಾಯಿಗೆ ನಿಲುಕುವುದೇ ಇಲ್ಲ. ಅತಿಯಾಗಿ ಎಳೆದ ಚಿತ್ರ ಕ್ಯಾಲೆಂಡರಿನಲ್ಲಿ ಅಚ್ಚಾದಾಗ ಕೆಸರು ಮೆತ್ತಿದಂತಾಗುವುದು ಮುದ್ರಣಾಲಯದವರ ತಪ್ಪಿನಿಂದಲ್ಲ. ಮೆಚ್ಚಿನ ಸೂರ್ಯಾಸ್ತವೊಂದನ್ನು 12x18 ಇಂಚಿಗೆ ಮ್ಯಾಟ್ ಕಾಗದದಲ್ಲಿ ಪ್ರಿಂಟ್ ಹಾಕಿಸಿ, ಕಿಟಕಿಯ ಹಗಲು ಬೆಳಕಿನಲ್ಲಿ ಹಿಡಿದು ನೋಡುವುದು ಎಡಿಟಿಂಗ್ ಕಲಿಯುವವರಿಗೆ ಒಳ್ಳೆಯ ಪಾಠ. ಎಲ್ಲಿ ಹಿಂದಕ್ಕೆ ಎಳೆಯಬೇಕೆಂದು ಕಾಗದವೇ ತೋರಿಸುತ್ತದೆ: ಮೊದಲು ಸೂರ್ಯನ ಸುತ್ತಲಿನ ಕೇಸರಿಯಲ್ಲಿ, ಆಮೇಲೆ ಮೇಲಿನ ನೇರಳೆಯಲ್ಲಿ.