ಅಂಕಿತದಲ್ಲಿ ಉಳಿಯುವ ಹೆಸರು

ಕನ್ನಡದಲ್ಲಿ ನುಡಿನಮನ ಎಂಬುದು ಈಗ ಒಂದು ಸಾಹಿತ್ಯ ಪ್ರಕಾರವೇ ಆಗಿದೆ. ಲೇಖಕರೊಬ್ಬರು ತೀರಿಕೊಂಡ ಮರುದಿನ ಪತ್ರಿಕೆಗಳಲ್ಲಿ, ವರ್ಷದೊಳಗೆ ಸಂಸ್ಮರಣ ಸಂಪುಟಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಅದರ ಧಾಟಿ ನಮಗೆಲ್ಲ ಗೊತ್ತು: ಮೊದಲ ಭೇಟಿ, ಅವರ ಸರಳತೆ, ಒಂದು ತಮಾಷೆಯ ಪ್ರಸಂಗ, ತುಂಬಲಾರದ ನಷ್ಟ. ಇಂಥ ಹತ್ತು ಬರಹ ಓದಿದರೂ ಹೋದವರು ಏನು ಯೋಚಿಸುತ್ತಿದ್ದರು, ಯಾರೊಡನೆ ವಾದಕ್ಕೆ ಬೀಳುತ್ತಿದ್ದರು, ಯಾವ ಪ್ರಶ್ನೆಯನ್ನು ಅರ್ಧಕ್ಕೆ ಬಿಟ್ಟುಹೋದರು ಎಂಬುದು ತಿಳಿಯುವುದಿಲ್ಲ.

ಇದು ನನಗೆ ಈಗ ಬರಿಯ ವಿಮರ್ಶೆಯ ಮಾತಾಗಿ ಉಳಿದಿಲ್ಲ. ತತ್ವಪದಗಳ ಕ್ಷೇತ್ರಕಾರ್ಯದಲ್ಲಿ ನಾಲ್ಕು ವರ್ಷ ಜೊತೆಗಿದ್ದ ಹಿರಿಯ ಗೆಳೆಯರೊಬ್ಬರು ಕಳೆದ ವರ್ಷ ತೀರಿಕೊಂಡರು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಪಿಎಚ್.ಡಿ. ಮಾಡುತ್ತಿದ್ದರು. ನಾನು ಅಣ್ಣಾರು ಎನ್ನುತ್ತಿದ್ದೆ, ಅವರು ತಂಗೀ ಎನ್ನುತ್ತಿದ್ದರು. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಭಜನಾ ಮೇಳಗಳನ್ನು ನಾವು ಕೂಡಿಯೇ ಹುಡುಕಿಕೊಂಡು ಹೋಗುತ್ತಿದ್ದೆವು. ಅವರ ನೆನಪಿನ ಸಂಪುಟಕ್ಕೆ ಬರೆಯಲು ಕೇಳಿದಾಗ ನನ್ನೆದುರು ನಿಂತ ಪ್ರಶ್ನೆ ಇದು: ನಾವಿಬ್ಬರೂ ಓದುತ್ತಿದ್ದ ಆ ಪದಗಳ ಲೋಕ ತನ್ನ ಸತ್ತವರನ್ನು ಹೇಗೆ ನೆನೆಯುತ್ತದೆ?

ಈ ಸೀಮೆಯ ತತ್ವಪದ ಎಂದರೆ ಮೊದಲು ಬರುವ ಹೆಸರು ಕಡಕೋಳ ಮಡಿವಾಳಪ್ಪನವರದು. ಹುಟ್ಟಿದ್ದು ಅಫಜಲಪುರ ತಾಲೂಕಿನ ಬಿದನೂರಿನಲ್ಲಿ, ನೆಲೆ ನಿಂತದ್ದು ಕಡಕೋಳದಲ್ಲಿ. ಮೊದಲು ಜೇವರ್ಗಿ ತಾಲೂಕಿನಲ್ಲಿದ್ದ ಆ ಊರು ಈಗ ಯಡ್ರಾಮಿ ತಾಲೂಕಿಗೆ ಸೇರಿದೆ. ಅವರ ಶಿಷ್ಯಬಳಗದಲ್ಲಿ ಚೆನ್ನೂರ ಜಲಾಲಸಾಹೇಬರಿದ್ದಾರೆ, ಖೈನೂರ ಕೃಷ್ಣಪ್ಪನವರಿದ್ದಾರೆ, ಕಡ್ಲೇವಾಡದ ಸಿದ್ಧಪ್ಪನವರಿದ್ದಾರೆ. ಜಾತಿ ಬೇರೆ, ಧರ್ಮ ಬೇರೆ. ಅವರನ್ನು ಕೂಡಿಸಿದ್ದು ಪದ.

ಈ ಪದಗಳ ಕೊನೆಯ ನುಡಿಯಲ್ಲಿ ಅಂಕಿತವಿರುತ್ತದೆ. ಪಠ್ಯಪುಸ್ತಕಗಳು ಅಂಕಿತವನ್ನು ಕವಿಯ ಸಹಿ ಎಂದು ಕಲಿಸುತ್ತವೆ. ಆದರೆ ಮಡಿವಾಳಪ್ಪನವರ ಪದ ಮುಗಿಯುವಾಗ ಅಲ್ಲಿ ಕೇಳುವುದು ಗುರು ಮಹಾಂತನ ಹೆಸರು. ಶಿಶುನಾಳ ಶರೀಫರ ಪದಗಳಲ್ಲಿಯೂ ಊರಿನ ಒಡೆಯ ಶಿಶುನಾಳಧೀಶ ಬರುತ್ತಾನೆ, ಗುರು ಗೋವಿಂದ ಬರುತ್ತಾನೆ. ತನ್ನ ಮಾತು ಮುಗಿಯುವ ಜಾಗವನ್ನು ಇನ್ನೊಬ್ಬರ ಹೆಸರಿಗೆ ಬಿಟ್ಟುಕೊಡುವುದು ಈ ಪರಂಪರೆಯ ರೂಢಿ. ಪದ ಹಾಡಿದಾಗಲೆಲ್ಲ ಆ ಹೆಸರು ಬರಲೇಬೇಕು. ಅದಕ್ಕೆ ಪುಣ್ಯತಿಥಿ ಕಾಯಬೇಕಿಲ್ಲ. ಒಂದೇ ಪದ ಎರಡು ಊರುಗಳಲ್ಲಿ ಎರಡು ಅಂಕಿತಗಳೊಡನೆ ಸಿಕ್ಕಾಗ ಸಂಪಾದಕರು ತಲೆ ಕೆಡಿಸಿಕೊಳ್ಳುತ್ತಾರೆ. ಕರ್ತೃ ಯಾರೆಂದು ತಿಳಿಯದ ಗೊಂದಲವಾಗಿ ಅವರಿಗೆ ಕಾಣುವುದು ಹಾಡುವವರ ಕಡೆಯಿಂದ ನೋಡಿದರೆ ಪ್ರೀತಿಯ ಗುರುತೂ ಆಗಿರಬಹುದು.

ಅಣ್ಣಾರಿಗೂ ನನಗೂ ಜಗಳ ಇದ್ದದ್ದು ಇಲ್ಲಿಯೇ. ಆಳಂದ ತಾಲೂಕಿನ ಒಂದು ಹಳ್ಳಿಯಲ್ಲಿ ವಯಸ್ಸಾದ ಭಜನೆಕಾರರೊಬ್ಬರು ಒಂದು ಪದದ ಮೂರನೆಯ ನುಡಿಯನ್ನು ಬಿಟ್ಟು ಹಾಡಿದರು. ಕೇಳಿದರೆ, ಕಲಿಸಿದ ಗುರುವಿಗೆ ಕೊನೆಗಾಲದಲ್ಲಿ ದಮ್ಮು ಹತ್ತುತ್ತಿತ್ತಂತೆ; ಉದ್ದನೆಯ ಆ ನುಡಿಯನ್ನು ಅವರು ಬಿಡುತ್ತಿದ್ದರಂತೆ. ಇವರಿಗೆ ಆ ನುಡಿ ಬಾಯಿಪಾಠವಿತ್ತು. ಉಸಿರೂ ಗಟ್ಟಿಯಿತ್ತು. ಆದರೂ ಹಾಡಲಿಲ್ಲ. ನಾನು ಅದನ್ನು ಪಾಠಲೋಪ ಎಂದು ಬರೆದುಕೊಂಡೆ. ಅಣ್ಣಾರು ಒಪ್ಪಲಿಲ್ಲ. “ಅದು ಲೋಪ ಅಲ್ಲ ತಂಗೀ, ಅಲ್ಲಿ ಅವರ ಗುರು ಕುಂತಾರ. ಪದಾ ಬರಕೊಳ್ಳೂದು ಆಮ್ಯಾಲ, ಮೊದಲ ಯಾರ ಕಡಿಂದ ಕಲತ್ರಿ ಅಂತ ಕೇಳು” ಎಂದರು.

ನಾನು ಈಗಲೂ ಪೂರ್ತಿ ಒಪ್ಪುವುದಿಲ್ಲ. ಬಿಟ್ಟ ನುಡಿಯನ್ನು ಯಾರೂ ಅಚ್ಚು ಮಾಡದಿದ್ದರೆ ಮುಂದಿನ ತಲೆಮಾರಿಗೆ ಅದು ಇತ್ತೆಂಬುದೇ ತಿಳಿಯುವುದಿಲ್ಲ. ಪ್ರೀತಿಯಿಂದ ಆದ ಲೋಪವೂ ಲೋಪವೇ. ಅಂಕಿತದ ನೆನಪಿಗೂ ಇದೇ ಮಿತಿಯಿದೆ. ಅದು ಹೆಸರನ್ನು ಉಳಿಸುತ್ತದೆ, ಮನುಷ್ಯನನ್ನು ಬಿಟ್ಟುಬಿಡುತ್ತದೆ. ಮಡಿವಾಳಪ್ಪನವರ ಪದ ಸಿಗುವಷ್ಟು ಸುಲಭವಾಗಿ ಅವರ ಬದುಕಿನ ಖಚಿತ ವಿವರ ಸಿಗುವುದಿಲ್ಲ. ಪವಾಡದ ಕಥೆಗಳೇ ಹೆಚ್ಚು. ಮೇಳದ ಹಿಂದೆ ಕುಳಿತು ದನಿಗೂಡಿಸಿದ ಹೆಣ್ಣುಮಕ್ಕಳ ಹೆಸರು ಅಂಕಿತದಲ್ಲೂ ಇಲ್ಲ, ಅಚ್ಚಿನಲ್ಲೂ ಇಲ್ಲ. ಆದ್ದರಿಂದ ಬರೆದಿಡುವ ನೆನಪು ಬೇಕೇ ಬೇಕು. ಅದನ್ನು ಹೇಗೆ ಬರೆಯಬೇಕೆಂಬುದೇ ಪ್ರಶ್ನೆ.

ಅದಕ್ಕೊಂದು ಉತ್ತರ ಅಫಜಲಪುರದ ಪಶ್ಚಿಮಕ್ಕೆ, ಭೀಮಾ ನದಿಯ ಸೀಮೆಯಲ್ಲೇ ಇರುವ ಹಲಸಂಗಿಯಲ್ಲಿದೆ. 1931ರಲ್ಲಿ ಬಂದ ‘ಗರತಿಯ ಹಾಡು’ ಸಂಕಲನವನ್ನು ಇವತ್ತಿಗೂ ನಾವು ಹಲಸಂಗಿ ಗೆಳೆಯರ ಪುಸ್ತಕ ಎಂದೇ ಕರೆಯುತ್ತೇವೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಮುಂತಾದವರ ಬಳಗ ಅದು. ಗೆಳೆತನವೇ ಸಂಪಾದಕನ ಜಾಗದಲ್ಲಿ ಕುಳಿತ ಇನ್ನೊಂದು ಉದಾಹರಣೆ ಕನ್ನಡದಲ್ಲಿ ನನಗೆ ಕಾಣುವುದಿಲ್ಲ. ಬಳಗದ ನಡುಗಂಬವಾಗಿದ್ದ ಮಧುರಚೆನ್ನರು 1953ರ ಆಗಸ್ಟ್ 15ರಂದು, ಐವತ್ತನೆಯ ವಯಸ್ಸಿಗೇ ತೀರಿಕೊಂಡರು. ಸಿಂಪಿ ಲಿಂಗಣ್ಣನವರು ಅವರ ನಂತರ ನಲವತ್ತು ವರ್ಷ ಬದುಕಿದರು. ಆ ನಲವತ್ತು ವರ್ಷವೂ ಜನಪದದ ಕೆಲಸ ಕೈಬಿಡಲಿಲ್ಲ. ಗೆಳೆಯನ ಗುಣಗಾನಕ್ಕಿಂತ ಗೆಳೆಯನೊಡನೆ ಹಿಡಿದ ಕೆಲಸವನ್ನು ಮುಂದುವರಿಸಿದ್ದು ದೊಡ್ಡ ನುಡಿನಮನ ಎಂದು ನನಗನ್ನಿಸುತ್ತದೆ. ಆ ಕೆಲಸದಲ್ಲಿ ಹೆಸರುಗಳೂ ಉಳಿದವು, ಹಾಡುಗಳೂ ಉಳಿದವು.

ನಮ್ಮ ಹಳ್ಳಿಗಳಲ್ಲಿ ಭಜನಾ ಮೇಳದ ಹಿರಿಯರು ಸತ್ತರೆ ಶವದ ಮುಂದೆ ರಾತ್ರಿಯಿಡೀ ಪದ ಹಾಡುತ್ತಾರೆ. ಅಲ್ಲಿ ಯಾರೂ ಸತ್ತವರ ಸರಳತೆ ಹೊಗಳಿ ಭಾಷಣ ಮಾಡುವುದಿಲ್ಲ. ಏಕತಾರಿ ಶ್ರುತಿ ಮಾಡುತ್ತಾರೆ, ಅವರು ಹೇಳಿಕೊಡುತ್ತಿದ್ದ ಪದ ಎತ್ತಿಕೊಳ್ಳುತ್ತಾರೆ. ತಪ್ಪಿದರೆ ಹೆಂಗಸರಲ್ಲೊಬ್ಬರು ಒಳಗಿನಿಂದಲೇ ತಿದ್ದುತ್ತಾರೆ. ದುಃಖ ಮತ್ತು ಪಾಠಶುದ್ಧಿ ಎರಡೂ ಒಟ್ಟಿಗೆ ನಡೆಯುತ್ತವೆ. ನಮ್ಮ ಸಂಸ್ಮರಣ ಸಂಪುಟಗಳಿಗೆ ಬೇಕಾದದ್ದು ಈ ಎರಡನೆಯ ಕೆಲಸ. ಹೋದವರ ವಾದವನ್ನು ಎತ್ತಿಕೊಳ್ಳಬೇಕು, ಸರಿಯಿಲ್ಲದಲ್ಲಿ ತಿದ್ದಬೇಕು, ಬಿಟ್ಟುಹೋದ ಪ್ರಶ್ನೆಯನ್ನು ಬರೆದಿಡಬೇಕು. ಬರಿಯ ಹೊಗಳಿಕೆ ಅವರನ್ನು ಚರ್ಚೆಯಿಂದ ಹೊರಗೆ ಕಳಿಸುತ್ತದೆ.

ಅಣ್ಣಾರ ಟಿಪ್ಪಣಿ ಪುಸ್ತಕಗಳು ಈಗ ನನ್ನ ಬಳಿಯಿವೆ. ಪ್ರತಿ ಪುಟದಲ್ಲಿ ಗೆರೆ ಎಳೆದು ಮಾಡಿದ ನಾಲ್ಕು ಅಂಕಣ: ಪದ, ಧಾಟಿ, ಊರು, ಯಾರಿಂದ ಕಲಿತದ್ದು. ಮೊದಲ ಮೂರನ್ನು ನಾನೂ ಬರೆದುಕೊಳ್ಳುತ್ತಿದ್ದೆ, ನಾಲ್ಕನೆಯದು ಅವರದು. ಕೊನೆಯ ಪುಸ್ತಕದಲ್ಲಿ ಹದಿನಾಲ್ಕು ಪದಗಳ ಎದುರು ಆ ಅಂಕಣ ಖಾಲಿಯಿದೆ. ಹಾಡಿದವರೆಲ್ಲ ಎಪ್ಪತ್ತು ದಾಟಿದವರು. ಸಂಪುಟಕ್ಕೆ ಮೂರನೆಯ ನುಡಿಯ ಆ ಪದವನ್ನು ಅವರ ವಾದದೊಡನೆ, ನನ್ನ ಪ್ರತಿವಾದದೊಡನೆ ಕೊಡುತ್ತಿದ್ದೇನೆ. ಹದಿನಾಲ್ಕು ಹೆಸರು ಕೇಳಿ ಬರಲು ಮುಂದಿನ ವಾರ ಜೇವರ್ಗಿ ಬಸ್ಸು ಹತ್ತಬೇಕು.