ಗೀಜಾಕ್ಕೆ ಕೊನೆಯಲ್ಲಿ ಹೋಗಿ

ಈಜಿಪ್ಟ್‌ಗೆ ಹೊರಟವರಿಗೆ ನಮ್ಮಲ್ಲಿ ಸಿಗುವ ಬುದ್ಧಿಮಾತು ಬಹುಮಟ್ಟಿಗೆ ಒಂದೇ. ಭಾಷೆ ಬಾರದ ದೇಶ, ಒಬ್ಬರೇ ಹೋಗಬೇಡಿ. ಅಷ್ಟು ದುಡ್ಡು ಸುರಿದು ಹೋಗುವಾಗ ಯಾವುದನ್ನೂ ಬಿಡದೆ ನೋಡಿ ಬನ್ನಿ. ಬೆಂಗಳೂರಿನಲ್ಲಿ ಮಾರಾಟವಾಗುವ ಪ್ಯಾಕೇಜುಗಳೂ ಈ ಮಾತನ್ನೇ ನೆಚ್ಚಿಕೊಂಡಿವೆ. ಕೈರೋದಲ್ಲಿ ಇಳಿದ ಮರುದಿನ ಬೆಳಿಗ್ಗೆ ಗೀಜಾ, ಮಧ್ಯಾಹ್ನ ಮ್ಯೂಸಿಯಂ, ಆಮೇಲೆ ಆಸ್ವಾನ್, ಅಬು ಸಿಂಬೆಲ್, ನೈಲ್ ನದಿಯಲ್ಲಿ ಹಡಗು, ಲಕ್ಸರ್, ವಾಪಸು. ಇದರಿಂದ ಮೈ ದಣಿಯುತ್ತದೆ ಎಂಬುದು ನನ್ನ ತಕರಾರಲ್ಲ. ಹೀಗೆ ನೋಡಿದವರು ಪಿರಮಿಡ್ಡಿನ ಬಗ್ಗೆ ತಪ್ಪು ತಿಳಿವಳಿಕೆ ಹೊತ್ತು ಮರಳುತ್ತಾರೆ, ಅದೇ ನನ್ನ ತಕರಾರು.

ಯಾಕೆಂದರೆ ಅವರು ಮೊದಲು ನೋಡುವುದೇ ಗೀಜಾದ ಖುಫು ದೊರೆಯ ಪಿರಮಿಡ್ಡನ್ನು. ಕಟ್ಟಿದಾಗ ಸುಮಾರು 146 ಮೀಟರ್ ಎತ್ತರ, ಸುಮಾರು 23 ಲಕ್ಷ ಕಲ್ಲುಗಳು, ದಿಕ್ಕುಗಳಿಗೆ ಹಿಡಿದಿಟ್ಟಂತೆ ನಿಂತ ನಾಲ್ಕು ಮುಖಗಳು. ಎದುರಿಗಿರುವುದು ಪೂರ್ತಿ ಪಳಗಿದ ಕೈಗಳ ಕೆಲಸ. ಆ ಕೈಗಳು ಎಲ್ಲಿ ಕಲಿತವು, ಎಲ್ಲಿ ಎಡವಿದವು ಎಂಬುದರ ಗುರುತು ಅಲ್ಲಿ ಕಾಣುವುದಿಲ್ಲ. ಹಾಗಾಗಿ ಬಸ್ಸಿನಿಂದ ಇಳಿದವರ ಮನಸ್ಸಿನಲ್ಲಿ, ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ಮನುಷ್ಯರಿಂದ ಇದು ಸಾಧ್ಯವಿತ್ತೇ ಎಂಬ ಪ್ರಶ್ನೆ ಹುಟ್ಟುವುದು ಸಹಜ. ಅನ್ಯಗ್ರಹದವರು ಬಂದಿದ್ದರು ಎಂಬ ಉತ್ತರವಂತೂ ಎರಿಕ್ ಫಾನ್ ಡ್ಯಾನಿಕೆನ್ 1968ರಲ್ಲಿ ಪುಸ್ತಕ ಬರೆದಾಗಿನಿಂದ ಸಿದ್ಧವಾಗಿಯೇ ಇದೆ. ಟೀವಿ ಅದನ್ನು ಮನೆಮನೆಗೆ ತಲುಪಿಸಿದೆ. ನಂಬಿದವರನ್ನು ದಡ್ಡರೆನ್ನಲಾರೆ. ಅವರಿಗೆ ತೋರಿಸಿದ ಕ್ರಮವೇ ಅಂಥದ್ದು.

ಕ್ರಮವನ್ನು ತಿರುಗಿಸಿ ನೋಡಿ. ಕೈರೋದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದ ಸಕ್ಕಾರಾದಲ್ಲಿ ಜೋಸರ್ ದೊರೆಯ ಮೆಟ್ಟಿಲು ಪಿರಮಿಡ್ಡಿದೆ. ಅದಕ್ಕೂ ಮುಂಚೆ ದೊರೆಗಳ ಗೋರಿಯೆಂದರೆ ಮಣ್ಣಿನ ಇಟ್ಟಿಗೆಯ ಚಪ್ಪಟೆ ಕಟ್ಟೆ, ಮಸ್ತಬಾ. ವಾಸ್ತುಶಿಲ್ಪಿ ಇಮ್ಹೋಟೆಪ್‌ನ ಹೆಸರಿನೊಂದಿಗೆ ಸೇರಿಕೊಂಡಿರುವ ಈ ಕಟ್ಟಡವೂ ಮಸ್ತಬಾ ಆಗಿಯೇ ಶುರುವಾಯಿತು. ಆದರೆ ಕಲ್ಲಿನಲ್ಲಿ. ಅದನ್ನು ಅಗಲಿಸಿದರು, ಮೇಲೆ ನಾಲ್ಕು ಹಂತ ಏರಿಸಿದರು, ಮತ್ತೆ ಹಿಗ್ಗಿಸಿ ಆರು ಹಂತ ಮಾಡಿದರು. ಅಲ್ಲಿಂದ ಖುಫುವಿನ ತಂದೆ ಸ್ನೆಫ್ರುವಿನ ಕಾಲಕ್ಕೆ ಬನ್ನಿ. ಮೈದೂಮ್‌ನಲ್ಲಿ ಮೆಟ್ಟಿಲುಗಳನ್ನು ತುಂಬಿ ನುಣುಪು ಇಳಿಜಾರು ಮಾಡಹೋದ ಪಿರಮಿಡ್ಡಿನ ಹೊರಮೈ ಕಳಚಿಬಿದ್ದಿದೆ. ಇಂದು ಉಳಿದಿರುವುದು ಕಲ್ಲುರಾಶಿಯ ನಡುವಿನ ಗೋಪುರ.

ಇನ್ನು ದಹಶೂರ್. ಈಜಿಪ್ಟಿನಲ್ಲಿ ಒಂದೇ ಒಂದು ಜಾಗ ನೋಡಲು ಸಾಧ್ಯವೆಂದರೆ ನಾನು ಇದನ್ನೇ ಹೇಳುತ್ತೇನೆ. ಬಾಗಿದ ಪಿರಮಿಡ್ಡು ಅಡಿಯಲ್ಲಿ ಸುಮಾರು 54 ಡಿಗ್ರಿಯಲ್ಲಿ ಏರುತ್ತದೆ, ಅರ್ಧ ದಾಟುವ ಮುಂಚೆಯೇ 43 ಡಿಗ್ರಿಗೆ ಬಾಗುತ್ತದೆ. ಕೆಳಗಿನ ನೆಲ ಗಟ್ಟಿಯಿರಲಿಲ್ಲ, ಭಾರಕ್ಕೆ ಒಳಗೆ ಬಿರುಕು ಬಿಟ್ಟಿತು, ಕಟ್ಟುತ್ತಿದ್ದವರು ನಡುವೆಯೇ ಲೆಕ್ಕ ಬದಲಿಸಿದರು. ಅದರ ಉತ್ತರಕ್ಕಿರುವ ಕೆಂಪು ಪಿರಮಿಡ್ಡನ್ನು ಮೊದಲಿನಿಂದಲೇ 43 ಡಿಗ್ರಿಯ ಆಸುಪಾಸಿನಲ್ಲಿ ಎಬ್ಬಿಸಿದರು. ಅದು ನಿಂತಿತು. ಆ ಧೈರ್ಯದ ಮೇಲೆ ಮಗನ ಕಾಲದಲ್ಲಿ ಗೀಜಾದಲ್ಲಿ ಮತ್ತೆ 52 ಡಿಗ್ರಿಯ ಹತ್ತಿರಕ್ಕೆ ಹೋದರು. ಆಕಾಶದಿಂದ ಬಂದವರು ನಡುದಾರಿಯಲ್ಲಿ ಕೋನ ಬದಲಿಸಬೇಕಾಗಿರಲಿಲ್ಲ. ತಪ್ಪನ್ನು ಕಂಡು ತಿದ್ದಿಕೊಂಡವರು ಮನುಷ್ಯರು. ಈ ಸಾಕ್ಷ್ಯ ಬಯಲಲ್ಲಿ ನಿಂತಿದೆ, ಗೀಜಾದಿಂದ ಒಂದು ಗಂಟೆಯ ದಾರಿ, ಆದರೂ ಹೆಚ್ಚಿನ ಪ್ಯಾಕೇಜುಗಳಲ್ಲಿ ಅದರ ಹೆಸರಿಲ್ಲ.

ಇಷ್ಟನ್ನು ನೋಡಿ ಗೀಜಾಕ್ಕೆ ಬಂದವರ ಪ್ರಶ್ನೆಯೇ ಬೇರೆ: ಕಟ್ಟಿದವರು ಎಲ್ಲಿ ಮಲಗುತ್ತಿದ್ದರು, ಏನು ತಿನ್ನುತ್ತಿದ್ದರು? ಅದಕ್ಕೂ ಉತ್ತರವಿದೆ. 1990ರಲ್ಲಿ ಅಲ್ಲಿಯೇ ಕೆಲಸಗಾರರ ಸಮಾಧಿಗಳು ಸಿಕ್ಕವು. ಮುರಿದು ಮತ್ತೆ ಕೂಡಿಕೊಂಡ ಮೂಳೆಗಳು, ಅಂದರೆ ಆರೈಕೆ ಪಡೆದವರ ಮೂಳೆಗಳು, ಅವುಗಳಲ್ಲಿದ್ದವು. ಅವರ ಊರಿನ ಬ್ರೆಡ್ಡಿನ ಭಟ್ಟಿಗಳನ್ನೂ ಅಗೆದು ತೆಗೆದಿದ್ದಾರೆ. ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್‌ನಲ್ಲಿ 2013ರಲ್ಲಿ ದೊರೆತ ಪಪೈರಸ್ ಸುರುಳಿಗಳಲ್ಲಿ ಮೆರೆರ್ ಎಂಬ ಮೇಲ್ವಿಚಾರಕನ ದಿನಚರಿಯಿದೆ. ತುರಾದ ಗಣಿಯಿಂದ ಸುಣ್ಣಕಲ್ಲನ್ನು ದೋಣಿಯಲ್ಲಿ ಗೀಜಾಕ್ಕೆ ಸಾಗಿಸಿದ ಲೆಕ್ಕ ಅದು, ಖುಫುವಿನ ಕಾಲದ್ದೇ.

ಇಂಥ ನೋಟಕ್ಕೆ ಒಬ್ಬರೇ ಹೋಗುವುದು ಬೇಕು. ಒಂಟಿ ಪ್ರವಾಸದಿಂದ ಆತ್ಮಶೋಧನೆಯಾಗುತ್ತದೆ ಎಂದು ಹೊಗಳುವವರ ಮಾತನ್ನೂ ನಾನು ಒಪ್ಪಲಾರೆ. ಅಲ್ಲಿಗೆ ಹೋಗುವುದು ಪಿರಮಿಡ್ಡು ಕಟ್ಟಿದವರನ್ನು ತಿಳಿಯಲು. ಒಂಟಿಯಾಗಿದ್ದರೆ ಸಿಗುವ ದೊಡ್ಡ ಲಾಭ ಗಡಿಯಾರ ನಮ್ಮ ಕೈಯಲ್ಲಿರುವುದು. ಬಾಗಿದ ಪಿರಮಿಡ್ಡಿನ ಸುತ್ತ ಪೂರ್ತಿ ಒಂದು ಸುತ್ತು ಬರಲು ನಲವತ್ತು ಜನರ ಗುಂಪಿಗೆ ಪುರುಸೊತ್ತಿರುವುದಿಲ್ಲ. ಕೆಂಪು ಪಿರಮಿಡ್ಡಿನೊಳಗೆ ಇಳಿಯುವ ದಾರಿ ಅರವತ್ತು ಮೀಟರಿನಷ್ಟು ಉದ್ದ, ಬೆನ್ನು ಬಗ್ಗಿಸಿಯೇ ಹೋಗಬೇಕು. ಗುಂಪಿನಲ್ಲಿ ಹಿಂದಿನವರ ಅವಸರಕ್ಕೆ ಕಾಲು ಹಾಕಬೇಕಾಗುತ್ತದೆ.

ಭಯಕ್ಕೆ ಕಾರಣವೇ ಇಲ್ಲವೆನ್ನುವುದಿಲ್ಲ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ. ಆದರೆ ಒಬ್ಬರೇ ಹೋಗುವುದೆಂದರೆ ಯಾರ ನೆರವೂ ಇಲ್ಲದೆ ಹೋಗುವುದೆಂದಲ್ಲ. ಹೋಟೆಲಿನವರ ಮೂಲಕ ಗೊತ್ತಿರುವ ಚಾಲಕನ ಕಾರನ್ನು ಇಡೀ ದಿನಕ್ಕೆ ಮಾತಾಡಿಕೊಳ್ಳಬಹುದು. ಸಕ್ಕಾರಾಕ್ಕೆ ಪರವಾನಗಿ ಪಡೆದ ಗೈಡನ್ನು ಒಂದು ದಿನದ ಮಟ್ಟಿಗೆ ಕರೆದೊಯ್ಯಬಹುದು. ಅವರಲ್ಲಿ ಚೆನ್ನಾಗಿ ಓದಿಕೊಂಡವರಿದ್ದಾರೆ, ಅವಸರ ಮಾಡುವುದು ಬಸ್ಸಿನ ವೇಳಾಪಟ್ಟಿ. ಆಸ್ವಾನ್‌ನಿಂದ ಮರುಭೂಮಿ ದಾಟಿ ಹೋಗಬೇಕಾದ ಅಬು ಸಿಂಬೆಲ್‌ಗೆ ಮಾತ್ರ ಹತ್ತು ಜನರ ವ್ಯಾನೇ ವಾಸಿ.

ರಜೆ ಕಡಿಮೆಯಿದ್ದರೆ ಅಬು ಸಿಂಬೆಲ್ ಬಿಡಿ, ಹಡಗನ್ನೂ ಬಿಡಿ. ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗಿ. ಮೊದಲ ದಿನ ಸಕ್ಕಾರಾಕ್ಕೆ, ಎರಡನೆಯ ದಿನ ದಹಶೂರ್‌ಗೆ ಕೊಡಿ, ಸಾಧ್ಯವಾದರೆ ಮೂರನೆಯದನ್ನು ಮೈದೂಮ್‌ಗೆ. ಗೀಜಾದ ಟಿಕೆಟ್ಟು ಆಮೇಲೆ ತೆಗೆದುಕೊಳ್ಳಿ.